ನಡ್ಜ್: ಆಡಳಿತದ ಮೊಣಕೈ ತಿವಿತ

ಪಕ್ಕದಲ್ಲಿ ಕೂತವನು ತೂಕಡಿಸುತ್ತಿದ್ದರೆ ಮೊಣಕೈಯಿಂದ ಮೆಲ್ಲಗೆ ತಿವಿಯುತ್ತೇವಲ್ಲ, ಇಂಗ್ಲಿಷಿನಲ್ಲಿ ಅದೇ ನಡ್ಜ್. ಅವನು ಎದ್ದು ಕೂರಬಹುದು, ಬೇಡವಾದರೆ ಮತ್ತೆ ಕಣ್ಣು ಮುಚ್ಚಬಹುದು. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕಾನೂನು ಪ್ರಾಧ್ಯಾಪಕ ಕ್ಯಾಸ್ ಸನ್‌ಸ್ಟೈನ್ 2008ರಲ್ಲಿ ತಮ್ಮ ಪುಸ್ತಕಕ್ಕೆ ಈ ಹೆಸರಿಟ್ಟ ಮೇಲೆ ಪದ ಸರ್ಕಾರಿ ಕಡತಗಳಿಗೂ ಹೊಕ್ಕಿತು. ಕನ್ನಡದಲ್ಲಿ ‘ತಳ್ಳು’ ಎಂದರೆ ಬಲ ಜಾಸ್ತಿಯಾಯಿತು, ‘ಪುಸಲಾಯಿಸು’ ಎಂದರೆ ಮೋಸದ ವಾಸನೆ. ‘ತಿವಿತ’ವೇ ವಾಸಿ.

ಯಾವ ಆಯ್ಕೆಯನ್ನೂ ನಿಷೇಧಿಸದೆ, ಲಾಭ-ನಷ್ಟದ ಲೆಕ್ಕವನ್ನು ಹೆಚ್ಚೇನೂ ಕದಲಿಸದೆ, ಆಯ್ಕೆಗಳನ್ನು ಮುಂದಿಡುವ ರೀತಿ ಬದಲಿಸಿ ಜನರ ನಡವಳಿಕೆಯನ್ನು ತಿರುಗಿಸುವುದು ನಡ್ಜ್. ಹಾಗಾಗಿ ಸಿಗರೇಟಿನ ಮೇಲಿನ ತೆರಿಗೆ ನಡ್ಜ್ ಅಲ್ಲ, ಹೆಲ್ಮೆಟ್ ಕಡ್ಡಾಯವೂ ಅಲ್ಲ.

ಬ್ರಿಟನ್ ಸರ್ಕಾರ 2010ರಲ್ಲಿ ಇದಕ್ಕೆಂದೇ ಒಂದು ತಂಡ ಕಟ್ಟಿತು. ‘ನಡ್ಜ್ ಯುನಿಟ್’ ಎಂಬುದು ಅದರ ಅಡ್ಡಹೆಸರು. ಅವರು ಎದುರಿಸಿದ ಒಂದು ಸಮಸ್ಯೆ ನನಗೆ ಬಹಳ ಇಷ್ಟ. ಮನೆಯ ಅಟ್ಟಕ್ಕೆ ಶಾಖನಿರೋಧಕ ಹೊದಿಕೆ ಹಾಕಿಸಿದರೆ ಇಂಧನದ ಬಿಲ್ ಇಳಿಯುತ್ತದೆ, ಸಹಾಯಧನವೂ ಇದೆ, ಆದರೂ ಜನ ಮುಂದೆ ಬರುತ್ತಿಲ್ಲ. ಅಡ್ಡಿ ದುಡ್ಡಲ್ಲ, ಅಟ್ಟದ ತುಂಬ ಪೇರಿಸಿಟ್ಟ ಹಳೇ ಸಾಮಾನು! ಅದನ್ನು ಇಳಿಸುವವರು ಯಾರು? ಅಟ್ಟ ಖಾಲಿ ಮಾಡಿಕೊಡುವ ಸೇವೆಯನ್ನೂ ಜೊತೆಗಿಟ್ಟಾಗ, ಅದಕ್ಕೆ ಬೇರೆ ಹಣ ತೆರಬೇಕಿದ್ದರೂ, ಒಪ್ಪಿದವರು ಹೆಚ್ಚಾದರು. ಸಹಾಯಧನ ಏರಿಸುವುದಷ್ಟೇ ಗೊತ್ತಿದ್ದ ಅಧಿಕಾರಿಗೆ ಈ ಉಪಾಯ ಹೊಳೆಯುತ್ತಿರಲಿಲ್ಲ.

ಡೀಫಾಲ್ಟ್, ಅಂದರೆ ನಾವು ಏನೂ ಮಾಡದಿದ್ದರೆ ತಾನಾಗಿಯೇ ಜಾರಿಯಾಗುವ ಆಯ್ಕೆ, ಇನ್ನೂ ಪ್ರಬಲ. 2012ರಿಂದ ಬ್ರಿಟನ್ನಿನಲ್ಲಿ ನೌಕರರನ್ನು ಪಿಂಚಣಿ ಯೋಜನೆಗೆ ನೇರವಾಗಿ ಸೇರಿಸಿ, ಬೇಡವಾದವರು ಹೊರಬರಲಿ ಎನ್ನಲಾಯಿತು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಒಳಗೇ ಉಳಿದರು. ಅಷ್ಟೂ ಜನ ಯೋಚಿಸಿ ಉಳಿದರೋ, ಸೋಮಾರಿತನದಿಂದಲೋ ಎಂದು ಕೇಳುವವರಿದ್ದಾರೆ, ಪ್ರಶ್ನೆ ನ್ಯಾಯವಾದದ್ದೇ. ಹೊರಬರುವ ದಾರಿ ಒಳಬರುವಷ್ಟೇ ಸಲೀಸಾಗಿರಬೇಕು. ಫಾರಂ ಮೇಲೆ ಫಾರಂ ತುಂಬಿಸಿ ಸುಸ್ತು ಮಾಡಿದರೆ ಅದಕ್ಕೆ ಬೇರೆಯದೇ ಹೆಸರಿದೆ: ಸ್ಲಡ್ಜ್, ಅಂದರೆ ಕಾಲು ಹೂತುಹೋಗುವ ಕೆಸರು.

ಇನ್ನು ಫಲಿತಾಂಶದ ಮಾತು. ಅಮೆರಿಕದ ಎರಡು ದೊಡ್ಡ ನಡ್ಜ್ ಘಟಕಗಳು ನಡೆಸಿದ 126 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾದ ಪ್ರಯೋಗಗಳು ಬಯಸಿದಂತೆ ನಡೆದುಕೊಂಡವರ ಪ್ರಮಾಣದಲ್ಲಿ ಸರಾಸರಿ 8.7 ಶೇಕಡಾ ಅಂಶಗಳ (ಅಂದರೆ ನೂರಕ್ಕೆ ಸುಮಾರು ಒಂಬತ್ತು ಮಂದಿಯ) ಏರಿಕೆ ತೋರಿಸಿದ್ದರೆ, ಈ ಘಟಕಗಳಿಗೆ ದಕ್ಕಿದ್ದು 1.4 ಮಾತ್ರ. ಚೆನ್ನಾಗಿ ಬಂದ ಫಲಿತಾಂಶಗಳೇ ಅಚ್ಚಿಗೆ ಹೋಗುವುದು ಈ ಅಂತರಕ್ಕೆ ದೊಡ್ಡ ಕಾರಣ. ಆದರೆ ಹೇಗೂ ಕಳಿಸಲೇಬೇಕಾದ ನೋಟಿಸಿನ ನಾಲ್ಕು ಸಾಲು ತಿದ್ದಿದ್ದಕ್ಕೆ 1.4 ಸಿಕ್ಕಿತೆಂದರೆ, ಖಜಾನೆಗೇನೂ ನಷ್ಟವಿಲ್ಲ.