ಮಾಲ್ಟಾ ಇನ್ನೂ ಗೆದ್ದಿಲ್ಲ: ಯೂರೋವಿಷನ್‌ನಲ್ಲಿ ಒಂದು ಪುಟ್ಟ ದೇಶದ ಎರಡು ನಾಲಿಗೆ

ಯೂರೋವಿಷನ್ ಅಂದರೆ ಹೆಚ್ಚಾಗಿ ಯೂರೋಪಿನ ದೇಶಗಳು ವರ್ಷಕ್ಕೊಮ್ಮೆ ಒಂದೊಂದು ಹಾಡು ಕಳಿಸಿ ಪೈಪೋಟಿ ನಡೆಸೋ ಸ್ಪರ್ಧೆ. 2025ರಲ್ಲಿ ಅಲ್ಲಿಗೆ ಹೊರಟ ಮಾಲ್ಟಾದ ಗಾಯಕಿ ಮಿರಿಯಾನಾ ಕಾಂಟೆ ತಮ್ಮ ಹಾಡಿನ ಹೆಸರನ್ನೇ ಬದಲಾಯಿಸಬೇಕಾಯಿತು. ಹೆಸರು 'ಕಾಂಟ್'. ಮಾಲ್ಟೀಸ್ ಭಾಷೆಯಲ್ಲಿ ಹಾಗಂದ್ರೆ ಗಾಯನ. ಆದರೆ ಇಂಗ್ಲಿಷ್ ಕಿವಿಗೆ ಅದು ಕೆಟ್ಟ ಬೈಗುಳದ ಹಾಗೆ ಕೇಳುತ್ತೆ. ಹಾಡು ಆ ಹೋಲಿಕೆಯನ್ನು ಬೇಕಂತಲೇ ಬಳಸಿಕೊಂಡಿತ್ತು, ಅದೂ ನಿಜ. ಬ್ರಿಟನ್ನಿನ ಬಿಬಿಸಿ ತಕರಾರು ತೆಗೆಯಿತು, ಸಂಘಟಕರು ಆ ಪದ ಬೇಡ ಅಂದರು, ಕೊನೆಗೆ ಹಾಡು 'ಸರ್ವಿಂಗ್' ಅನ್ನೋ ಹೆಸರಲ್ಲಿ ವೇದಿಕೆಗೆ ಹೋಗಿ 17ನೇ ಸ್ಥಾನಕ್ಕೆ ನಿಂತಿತು.

ಈ ಜಗಳ ಒಂದು ಪದದ್ದು ಅಂತ ಬಿಟ್ಟುಬಿಡಬಹುದು. ನನಗೆ ಹಾಗೆ ಬಿಡೋಕೆ ಆಗಲಿಲ್ಲ. ಯಾಕೆಂದರೆ ಯೂರೋವಿಷನ್‌ನಲ್ಲಿ ಮಾಲ್ಟಾದ ಇಡೀ ಚರಿತ್ರೆ ಭಾಷೆಯ ಸುತ್ತಲೇ ತಿರುಗುತ್ತೆ.

ಮಾಲ್ಟಾ ಅಂದರೆ ಇಟಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದಲ್ಲಿರೋ ದ್ವೀಪದೇಶ, ಬರೀ 316 ಚದರ ಕಿಲೋಮೀಟರ್. ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ಅಲ್ಲಿನ ಜನರ ಮಾತು ಅರಬ್ಬಿಯಿಂದ ಹುಟ್ಟಿದ್ದು, ಇಟಲಿಯ ಪದಗಳನ್ನು ತುಂಬಿಕೊಂಡದ್ದು, ಬರೆಯೋದು ರೋಮನ್ ಲಿಪಿಯಲ್ಲಿ. 1964ರವರೆಗೆ ಬ್ರಿಟಿಷರ ಆಳ್ವಿಕೆ ಇದ್ದಿದ್ದರಿಂದ ಇಂಗ್ಲಿಷ್ ಕೂಡ ಅಧಿಕೃತ ಭಾಷೆ.

ಸ್ವಾತಂತ್ರ್ಯ ಬಂದು ಏಳು ವರ್ಷಕ್ಕೆ, 1971ರಲ್ಲಿ, ಮಾಲ್ಟಾ ಮೊದಲ ಸಲ ಈ ಸ್ಪರ್ಧೆಗೆ ಹೋಯಿತು. ಆಗ ಪ್ರತಿ ದೇಶವೂ ತನ್ನದೇ ಭಾಷೆಯಲ್ಲಿ ಹಾಡಬೇಕು ಅನ್ನೋ ನಿಯಮ ಇತ್ತು. ಮಾಲ್ಟಾ ಇಂಗ್ಲಿಷ್‌ನಲ್ಲಿ ಹಾಡಬಹುದಿತ್ತು, ಆದರೂ ಮಾಲ್ಟೀಸನ್ನೇ ಆರಿಸಿಕೊಂಡಿತು. ಡಬ್ಲಿನ್‌ನಲ್ಲಿ ಜೋ ಗ್ರೆಕ್ ಹಾಡಿದ್ದು ಮಾಲ್ಟಾದ ಒಬ್ಬ ಮರಿಯಾಳ ಬಗ್ಗೆ. 18 ದೇಶಗಳಲ್ಲಿ 18ನೇ ಸ್ಥಾನ. ಮರುವರ್ಷ ಎಡಿನ್‌ಬರೋದಲ್ಲಿ ಹೆಲೆನ್ ಮತ್ತು ಜೋಸೆಫ್ ಜೋಡಿ ಮತ್ತೆ ಮಾಲ್ಟೀಸ್‌ನಲ್ಲೇ ಹಾಡಿತು. ಮತ್ತೆ 18ನೇ ಸ್ಥಾನ, ಮತ್ತೆ ಕೊನೆ.

ಆಮೇಲೆ ಇಡೀ ಹಾಡನ್ನು ಮಾಲ್ಟೀಸ್‌ನಲ್ಲಿ ಹಾಡಿದ್ದೇ ಇಲ್ಲ. 1975ರಲ್ಲಿ ರೆನಾಟೊ ಇಂಗ್ಲಿಷ್‌ನಲ್ಲಿ ಹಾಡಿ 12ನೇ ಸ್ಥಾನ ತಂದರು. ನಂತರ 1991ರವರೆಗೆ ದೇಶ ಸ್ಪರ್ಧೆಯ ಕಡೆಗೇ ಬರಲಿಲ್ಲ. ಆ ವರ್ಷ ನೆದರ್‌ಲ್ಯಾಂಡ್ಸ್ ಹಿಂದೆ ಸರಿದಿದ್ದರಿಂದ ಒಂದು ಜಾಗ ಖಾಲಿಯಾಯಿತು, ಅದರಲ್ಲಿ ಮಾಲ್ಟಾ ಒಳಗೆ ಬಂತು, ಬಂದ ಸಲವೇ ಆರನೇ ಸ್ಥಾನ.

ಬಂದ ಹೊತ್ತು ಚೆನ್ನಾಗಿತ್ತು. ನಡುವೆ ಕೈಬಿಟ್ಟಿದ್ದ ಸ್ವಂತ ಭಾಷೆಯ ನಿಯಮ 1977ರಲ್ಲಿ ಮತ್ತೆ ಜಾರಿಗೆ ಬಂದಿತ್ತು. ಹಾಗಾಗಿ ಇಂಗ್ಲಿಷ್‌ನಲ್ಲಿ ಹಾಡೋಕೆ ಅವಕಾಶ ಇದ್ದದ್ದು ಬ್ರಿಟನ್, ಐರ್ಲೆಂಡ್ ಮತ್ತು ಮಾಲ್ಟಾಗೆ ಮಾತ್ರ. 1992ರ ಫಲಿತಾಂಶ ನೋಡಿ: ಐರ್ಲೆಂಡ್ ಮೊದಲು, ಬ್ರಿಟನ್ ಎರಡನೇದು, ಮಾಲ್ಟಾದ ಮೇರಿ ಸ್ಪಿಟೇರಿ ಮೂರನೇದು. ಇಂಗ್ಲಿಷ್ ಇದ್ದ ಮೂರೂ ದೇಶ ಸಾಲಾಗಿ ಮೇಲೆ! ಹಾಡುಗಳು ಚೆನ್ನಾಗಿರಲಿಲ್ಲ ಅಂತಲ್ಲ, ಕೇಳುವವರಿಗೆ ಮಾತು ಅರ್ಥ ಆಗುತ್ತಿತ್ತು, ಅದೂ ಲೆಕ್ಕಕ್ಕೆ ಬರುತ್ತೆ ಅಲ್ವಾ.

ಇನ್ನು 1998. ಮಾಲ್ಟಾದವರು ಮರೆಯದ ರಾತ್ರಿ ಅದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಕಿಯಾರಾ ಒಬ್ಬರೇ ನಿಂತು ಹಾಡಿದರು, ಕುಣಿತ ಇಲ್ಲ, ಸದ್ದುಗದ್ದಲ ಇಲ್ಲ, ಸುಮ್ನೆ ಒಂದು ಪ್ರೇಮಗೀತೆ. 25 ದೇಶಗಳು ಒಂದಾದ ಮೇಲೊಂದು ಅಂಕ ಓದುತ್ತಾ ಹೋದವು. ಕೊನೆಯ ದೇಶದ ಸರದಿ ಬಂದಾಗಲೂ ಗೆಲುವು ಮಾಲ್ಟಾದ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಆ ಕೊನೆಯ ದೇಶ ಮ್ಯಾಸಿಡೋನಿಯಾ. ಒಂದರಿಂದ ಹನ್ನೆರಡರವರೆಗೆ ಹತ್ತು ಹಾಡಿಗೆ ಅಂಕ ಕೊಡಬಹುದು. ಮಾಲ್ಟಾದ ಹೆಸರು ಆ ಹತ್ತರಲ್ಲಿ ಬರಲೇ ಇಲ್ಲ. ಇಸ್ರೇಲಿನ ಡಾನಾ ಇಂಟರ್‌ನ್ಯಾಷನಲ್ 172, ಬ್ರಿಟನ್ 166, ಮಾಲ್ಟಾ 165. ಏಳೇ ಅಂಕ.

ಮರುವರ್ಷವೇ ಭಾಷೆಯ ನಿಯಮ ಹೋಯಿತು. ಈಗ ಸ್ವೀಡನ್, ಎಸ್ಟೋನಿಯಾ, ಗ್ರೀಸ್ ಎಲ್ಲರೂ ಇಂಗ್ಲಿಷ್‌ನಲ್ಲಿ ಹಾಡಬಹುದು. ಮಾಲ್ಟಾಗೆ ಇದ್ದ ಒಂದೇ ಅನುಕೂಲ ಎಲ್ಲರಿಗೂ ಹಂಚಿಹೋಯಿತು. ಅಷ್ಟಾದರೂ 2002ರಲ್ಲಿ ಐರಾ ಲಾಸ್ಕೊ ಎರಡನೇ ಸ್ಥಾನಕ್ಕೆ ಬಂದರು, ಲಾಟ್ವಿಯಾಗಿಂತ ಬರೀ 12 ಅಂಕ ಹಿಂದೆ. 2005ರಲ್ಲಿ ಕಿಯಾರಾ ಮತ್ತೆ ಬಂದು, ಮತ್ತೆ ಒಬ್ಬರೇ ನಿಂತು, ಎರಡನೇ ಸ್ಥಾನ ತಂದರು. ಇದಕ್ಕಿಂತ ಮೇಲಿನ ಸ್ಥಾನ ಮಾಲ್ಟಾಗೆ ಇದುವರೆಗೆ ಸಿಕ್ಕಿಲ್ಲ. ಮುಂದಿನ ವರ್ಷವೇ ಅಥೆನ್ಸ್‌ನಲ್ಲಿ ಒಂದೇ ಒಂದು ಅಂಕದೊಂದಿಗೆ ಕೊನೆ.

ಫೋನ್ ಮತ ಬಂದ ಮೇಲೆ ಪುಟ್ಟ ದೇಶಕ್ಕೆ ಕಷ್ಟ ಜಾಸ್ತಿಯಾಯಿತು. ತನ್ನ ದೇಶಕ್ಕೆ ತಾನೇ ಮತ ಹಾಕೋ ಹಾಗಿಲ್ಲ. ಉತ್ತರದ ದೇಶಗಳು ಪರಸ್ಪರ ಕೊಡುತ್ತವೆ, ಬಾಲ್ಕನ್ ದೇಶಗಳೂ ಹಾಗೇ. ಮಾಲ್ಟಾಗೆ ಅಂಥ ನೆಂಟರು ಯಾರು? ಭಾಷೆಯ ನಂಟು ಅರಬ್ ದೇಶಗಳ ಜೊತೆ, ಅವುಗಳಲ್ಲಿ ಮೊರಾಕೊ ಮಾತ್ರ 1980ರಲ್ಲಿ ಒಂದೇ ಸಲ ಬಂದು ಹೋಗಿದೆ. ಪಕ್ಕದ ಮನೆ ಇಟಲಿ 1998ರಿಂದ 2010ರವರೆಗೆ ಸ್ಪರ್ಧೆಯಲ್ಲೇ ಇರಲಿಲ್ಲ. ಮಾಲ್ಟಾ ಗೆಲುವಿನ ಹತ್ತಿರ ಬಂದ ಮೂರು ವರ್ಷಗಳೂ ಅದರೊಳಗೇ ಬರುತ್ತವೆ.

2021ರಲ್ಲಿ ಡೆಸ್ಟಿನಿ ಚುಕುನ್ಯೇರೆ ಮೇಲೆ ದೊಡ್ಡ ಆಸೆ ಇತ್ತು. 13ನೇ ವಯಸ್ಸಿಗೇ, 2015ರಲ್ಲಿ, ಮಕ್ಕಳ ಯೂರೋವಿಷನ್ ಗೆದ್ದವರು ಅವರು. 2013ರಲ್ಲೂ ಅದನ್ನು ಗೆದ್ದದ್ದು ಮಾಲ್ಟಾವೇ. ಅಂದರೆ ದನಿಗೆ ಅಲ್ಲಿ ಬರ ಇಲ್ಲ. ತೀರ್ಪುಗಾರರು ಡೆಸ್ಟಿನಿಗೆ ಕೈತುಂಬಾ ಅಂಕ ಕೊಟ್ಟರು, ಜನರ ಮತ ಬಂದಾಗ ಹಾಡು ಏಳನೇ ಸ್ಥಾನಕ್ಕೆ ಜಾರಿತು. ಅದೇ ವರ್ಷ ಮೊದಲ ಮೂರು ಸ್ಥಾನ ಪಡೆದ ಹಾಡುಗಳಲ್ಲಿ ಒಂದೂ ಇಂಗ್ಲಿಷ್‌ನದ್ದಲ್ಲ. ಒಂದು ಇಟಾಲಿಯನ್, ಎರಡು ಫ್ರೆಂಚ್.

1964ರಿಂದ ಹಾಡುತ್ತಿದ್ದ ಪೋರ್ಚುಗಲ್ 2017ರಲ್ಲಿ ಗೆದ್ದಿತ್ತು, ಅದೂ ಪೋರ್ಚುಗೀಸ್‌ನಲ್ಲೇ. ಅಲ್ಲಿಂದಾಚೆ, ಒಮ್ಮೆಯೂ ಗೆಲ್ಲದ ದೇಶಗಳಲ್ಲಿ ಎಲ್ಲರಿಗಿಂತ ಮೊದಲು ಸ್ಪರ್ಧೆಗೆ ಬಂದದ್ದು ಅಂದರೆ ಮಾಲ್ಟಾ. 2025ಕ್ಕೂ ಅದು ಬದಲಾಗಲಿಲ್ಲ. 1972ರ ನಂತರ, 2025ರವರೆಗೆ, ಆ ವೇದಿಕೆಯಲ್ಲಿ ಮಾಲ್ಟೀಸ್ ಕೇಳಿದ್ದು 2000ದಲ್ಲಿ, ಕ್ಲಾಡೆಟ್ ಪಾಚೆ ಇಂಗ್ಲಿಷ್ ಹಾಡಿನ ನಡುವೆ ಸೇರಿಸಿಕೊಂಡ ಚೂರೇ ಚೂರು. ಆ ಹಾಡು ಎಂಟನೇ ಸ್ಥಾನಕ್ಕೆ ಬಂದಿತ್ತು.