ಡಾಡ್ಜರ್ಸ್ ಚರಿತ್ರೆಯ ದೊಡ್ಡ ಗಳಿಗೆಗಳು: ಮೂರನೇ ಸ್ಟ್ರೈಕ್ ಆದರೂ ಔಟ್ ಆಗದಿದ್ದದ್ದು ಹೇಗೆ?

ಬೇಸ್‌ಬಾಲ್ ಕಲಿಯಲು ನಾನು ಹಿಡಿದ ದಾರಿ: ನಿಯಮಪುಸ್ತಕ ಬದಿಗಿಟ್ಟು, ಒಂದೇ ತಂಡದ ಹೆಸರಾದ ಪಂದ್ಯಗಳನ್ನು ಬಿಡಿಸಿ ನೋಡುವುದು. ಆರಿಸಿಕೊಂಡದ್ದು ಡಾಡ್ಜರ್ಸ್. 1957ರವರೆಗೆ ನ್ಯೂಯಾರ್ಕಿನ ಬ್ರೂಕ್ಲಿನ್, 1958ರಿಂದ ಲಾಸ್ ಏಂಜಲೀಸ್. ಚೆಂಡು ಎಸೆಯುವವರು ಪಿಚರ್, ಬ್ಯಾಟರ್ ಹಿಂದೆ ಕೂತು ಹಿಡಿಯುವವರು ಕ್ಯಾಚರ್. ಬ್ಯಾಟರ್ ಬೀಸಿಯೂ ತಾಗದ, ಅಥವಾ ಹೊಡೆಯುವಂತಿದ್ದೂ ಬಿಟ್ಟ ಎಸೆತವೇ ಸ್ಟ್ರೈಕ್. ಮೂರು ಬೇಸ್ ಮುಟ್ಟಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಮೂರು ಸ್ಟ್ರೈಕಿಗೆ ಔಟ್ (ಸ್ಟ್ರೈಕ್‌ಔಟ್), ಮೂರು ಔಟಿಗೆ ತಂಡದ ಸರದಿ ಮುಗಿಯಿತು, ಒಂಬತ್ತು ಇನಿಂಗ್ಸ್, ಆತಿಥೇಯರ ಬ್ಯಾಟಿಂಗ್ ಯಾವಾಗಲೂ ಎರಡನೆಯದು. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

1941, ವರ್ಲ್ಡ್ ಸೀರೀಸ್ ನಾಲ್ಕನೇ ಪಂದ್ಯ

ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್, ಅಕ್ಟೋಬರ್ 5. ವರ್ಲ್ಡ್ ಸೀರೀಸ್ ಅಂದರೆ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸರಣಿ. ಎದುರಾಳಿ ಯಾಂಕೀಸ್ ಸರಣಿಯಲ್ಲಿ 2-1 ಮುಂದಿದ್ದರು. ಈ ಪಂದ್ಯದಲ್ಲಿ ಡಾಡ್ಜರ್ಸ್ 4-3 ಮುಂದೆ. ಒಂಬತ್ತನೇ ಇನಿಂಗ್ಸ್, ಯಾಂಕೀಸ್ ಬ್ಯಾಟಿಂಗ್, ಎರಡು ಔಟ್, ಬೇಸ್‌ಗಳೆಲ್ಲ ಖಾಲಿ. ಹ್ಯೂ ಕೇಸಿ ಎಸೆದ ಚೆಂಡಿಗೆ ಟಾಮಿ ಹೆನ್ರಿಕ್ ಬ್ಯಾಟ್ ಬೀಸಿದರು, ತಾಗಲಿಲ್ಲ. ಮೂರನೇ ಸ್ಟ್ರೈಕ್. ಪಂದ್ಯ ಮುಗಿಯಬೇಕಿತ್ತಲ್ಲ? ಆದರೆ ಕ್ಯಾಚರ್ ಮಿಕಿ ಓವನ್ ಕೈಯಿಂದ ಚೆಂಡು ಜಾರಿ ಹಿಂದಕ್ಕೆ ಉರುಳಿತು. ಹೆನ್ರಿಕ್ ಓಡಿ ಮೊದಲ ಬೇಸ್ ಸೇರಿಬಿಟ್ಟರು.

ಇಲ್ಲಿ ತಲೆ ಕೆಡುತ್ತದೆ. ಕ್ರಿಕೆಟ್ ನೋಡಿ ಬೆಳೆದವರು ಸ್ಟ್ರೈಕ್‌ಔಟನ್ನು ಬೌಲ್ಡ್ ಎಂದು ಭಾವಿಸುತ್ತೇವೆ: ಆಯಿತು ಅಂದರೆ ಆಯಿತು. ಅದನ್ನು ಕೀಪರ್ ಕ್ಯಾಚಿನ ಹಾಗೆ ನೋಡಿದರೆ ಗಂಟು ಬಿಡುತ್ತದೆ. ಮೂರನೇ ಸ್ಟ್ರೈಕನ್ನು ಕ್ಯಾಚರ್ ನೆಲಕ್ಕೆ ತಾಗುವ ಮೊದಲೇ ಹಿಡಿಯಬೇಕು. ಹಿಡಿಯದಿದ್ದರೆ ಪಿಚರ್ ಲೆಕ್ಕಕ್ಕೆ ಸ್ಟ್ರೈಕ್‌ಔಟ್ ಸೇರುತ್ತದೆ, ಆದರೆ ಬ್ಯಾಟರ್ ಓಡಬಹುದು. ಆಗ ಅವರನ್ನು ಚೆಂಡಿನಿಂದ ಮುಟ್ಟಬೇಕು, ಇಲ್ಲವೇ ಅವರಿಗಿಂತ ಮೊದಲು ಚೆಂಡು ಮೊದಲ ಬೇಸಿಗೆ ತಲುಪಬೇಕು. ಹಾಗಾಗಿ ಒಂದೇ ಸರದಿಯಲ್ಲಿ ಪಿಚರ್ ಒಬ್ಬರಿಗೆ ನಾಲ್ಕು ಸ್ಟ್ರೈಕ್‌ಔಟ್ ಸಿಗುವುದೂ ಉಂಟು!

ಆದರೆ ಈ ಓಟದ ಅವಕಾಶ ಎಲ್ಲ ಸಲವೂ ಇಲ್ಲ. ಮೊದಲ ಬೇಸ್ ಖಾಲಿ ಇರಬೇಕು, ಅಥವಾ ಆಗಲೇ ಎರಡು ಔಟ್ ಆಗಿರಬೇಕು. ಯಾಕೆ? ಇದನ್ನು ಬಾಯಿಪಾಠ ಮಾಡಿದರೆ ಮರೆಯುತ್ತದೆ, ಕ್ಯಾಚರ್‌ನ ಕುತಂತ್ರ ಕಲ್ಪಿಸಿಕೊಂಡರೆ ಮರೆಯುವುದಿಲ್ಲ. ಮೊದಲ ಬೇಸಿನಲ್ಲಿ ಒಬ್ಬ ಓಟಗಾರ ಇದ್ದಾರೆ, ಒಂದೂ ಔಟ್ ಆಗಿಲ್ಲ ಅನ್ನಿ. ಬ್ಯಾಟರ್‌ಗೆ ಓಡುವ ಹಕ್ಕು ಬಂದರೆ ಆ ಓಟಗಾರ ಜಾಗ ಬಿಟ್ಟು ಎರಡನೇ ಬೇಸಿಗೆ ಹೋಗಲೇಬೇಕು. ಕ್ಯಾಚರ್ ಬೇಕೆಂದೇ ಚೆಂಡು ಬೀಳಿಸಿ, ಎತ್ತಿ ಎರಡನೇ ಬೇಸಿಗೆ ಎಸೆದು, ಅಲ್ಲಿಂದ ಮೊದಲನೆಯದಕ್ಕೆ ಎಸೆಸಿದರೆ ಒಂದರ ಬದಲು ಎರಡು ಔಟ್. ಕ್ಯಾಚ್ ಬಿಟ್ಟವರಿಗೇ ಬಹುಮಾನ! ಅದಕ್ಕೇ ಅಲ್ಲಿ ಬ್ಯಾಟರ್ ನೇರವಾಗಿ ಔಟ್. ಎರಡು ಔಟ್ ಆಗಿದ್ದಾಗ ಮಾತ್ರ ಈ ತಂತ್ರದಿಂದ ಲಾಭವಿಲ್ಲ, ಇನ್ನೊಂದೇ ಔಟಿಗೆ ಸರದಿ ಮುಗಿಯುತ್ತದಲ್ಲ. ಹೆನ್ರಿಕ್ ವಿಷಯದಲ್ಲಿ ಮೊದಲ ಬೇಸೂ ಖಾಲಿ, ಔಟೂ ಎರಡು.

ಆಮೇಲೆ ಡಿಮ್ಯಾಜಿಯೊ ಸಿಂಗಲ್ (ಹೊಡೆದು ಒಂದು ಬೇಸ್), ಕೆಲರ್ ಡಬಲ್ (ಹೊಡೆದು ಎರಡು ಬೇಸ್), ಡಿಕಿ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಮೊದಲ ಬೇಸ್ ಉಚಿತ), ಗಾರ್ಡನ್ ಡಬಲ್. ಫಲಿತಾಂಶ 7-4. ಮರುದಿನ ಸರಣಿಯೂ ಯಾಂಕೀಸ್ ಪಾಲು. ಎಲ್ಲರೂ ಓವನ್ ಹೆಸರನ್ನೇ ಹೇಳುತ್ತಾರೆ. ನನ್ನ ಪ್ರಕಾರ ಅವರ ಪಾಲು ಒಂದು ಬೇಸ್ ಅಷ್ಟೇ. ಆಮೇಲಿನ ನಾಲ್ವರಲ್ಲಿ ಒಬ್ಬರನ್ನೂ ಔಟ್ ಮಾಡದ ಪಿಚರ್ ಪಾಲು ಅದಕ್ಕಿಂತ ದೊಡ್ಡದು.

1947 ಮತ್ತು 1955

1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್ಸನ್ ಕಣಕ್ಕಿಳಿದು, ಕಪ್ಪು ಆಟಗಾರರನ್ನು ಮೇಜರ್ ಲೀಗಿನಿಂದ ಹೊರಗಿಟ್ಟಿದ್ದ ಗೋಡೆ ಒಡೆದರು. ಆಟಕ್ಕಿಂತ ದೊಡ್ಡ ಘಟನೆ, ಅದಕ್ಕೇ ಬೇರೆ ಟಿಪ್ಪಣಿ ಬೇಕು. 1997ರಲ್ಲಿ ಅವರ 42ನೇ ನಂಬರನ್ನು ಎಲ್ಲ ತಂಡಗಳಲ್ಲೂ ನಿವೃತ್ತಿಗೊಳಿಸಲಾಯಿತು.

1955ರ ವರ್ಲ್ಡ್ ಸೀರೀಸ್ ಏಳನೇ ಪಂದ್ಯ: ಜಾನಿ ಪೋಡ್ರೆಸ್ ಪಿಚಿಂಗ್, 2-0, ಬ್ರೂಕ್ಲಿನ್‌ನ ಒಂದೇ ಒಂದು ವರ್ಲ್ಡ್ ಸೀರೀಸ್ ಗೆಲುವು. ಕೊನೆಯ ಚೆಂಡನ್ನು ಎತ್ತಿ ಮೊದಲ ಬೇಸಿಗೆ ಎಸೆದವರು ಪೀ ವೀ ರೀಸ್. 1941ರ ಸೋಲಿನಲ್ಲೂ ಅವರು ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ಆಗಿ ಆಡಿದ್ದರು.

1988 ಮತ್ತು 2024

ಎರಡೂ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯಗಳು, ಎರಡೂ ವಾಕ್-ಆಫ್, ಎರಡರಲ್ಲೂ ಗಾಯಾಳು ಬ್ಯಾಟರ್. ಆತಿಥೇಯರು ಕೊನೆಯ ಸರದಿಯಲ್ಲಿ ಮುಂದಾದ ತಕ್ಷಣ ಆಟ ಮುಗಿಯುವುದೇ ವಾಕ್-ಆಫ್. 1988ರಲ್ಲಿ ಕಾಲು ಎಳೆಯುತ್ತ ಬಂದ ಕರ್ಕ್ ಗಿಬ್ಸನ್, ಎರಡು ಔಟ್ ಆಗಿದ್ದಾಗ ಓಕ್‌ಲ್ಯಾಂಡಿನ ಡೆನಿಸ್ ಎಕರ್ಸ್ಲಿ ಎಸೆತವನ್ನು ಹೋಮ್ ರನ್ ಮಾಡಿದರು (ಚೆಂಡು ಮೈದಾನದಾಚೆ, ಬ್ಯಾಟರ್ ಜೊತೆಗೆ ಬೇಸ್‌ನಲ್ಲಿದ್ದವರಿಗೂ ರನ್): 3-4 ಇದ್ದದ್ದು 5-4. ಆ ಸರಣಿಯಲ್ಲಿ ಅವರು ಬ್ಯಾಟ್ ಹಿಡಿದದ್ದು ಅದೊಂದೇ ಸಲ.

2024ರಲ್ಲಿ ಎದುರಾಳಿ ಮತ್ತೆ ಯಾಂಕೀಸ್. ಹತ್ತನೇ ಇನಿಂಗ್ಸ್, 2-3 ಹಿಂದೆ, ಇಬ್ಬರು ಬೇಸ್‌ನಲ್ಲಿ. ಡಾಡ್ಜರ್ಸ್‌ನ ಓಟಾನಿ ಹೊಡೆತವನ್ನು ಯಾಂಕೀಸ್ ಫೀಲ್ಡರ್ ವರ್ಡೂಗೊ ಫೌಲ್ ಜಾಗದಲ್ಲಿ (ಗೆರೆಯಾಚೆ) ಓಡಿ ಹಿಡಿದರು, ಎರಡನೇ ಔಟ್. ಆದರೆ ಹಿಡಿದ ರಭಸಕ್ಕೆ ಪ್ರೇಕ್ಷಕರ ಮಧ್ಯೆ ಬಿದ್ದರು. ಹಾಗೆ ಬಿದ್ದರೆ ಓಟಗಾರರಿಗೆ ಒಂದೊಂದು ಬೇಸ್ ಉಚಿತ. ಮೊದಲ ಬೇಸ್ ಖಾಲಿಯಾಯಿತು. ಅಲ್ಲಿಗೆ ಮೂಕಿ ಬೆಟ್ಸ್‌ರನ್ನು ಬೇಕೆಂದೇ ವಾಕ್ ಕೊಟ್ಟು ಕಳಿಸಿದರು, ಎಡಗೈ ಪಿಚರ್ ಕಾರ್ಟೆಸ್ ಎದುರಿಗೆ ಎಡಗೈ ಬ್ಯಾಟರ್ ಫ್ರೆಡಿ ಫ್ರೀಮನ್ ಬರಲಿ ಎಂಬ ಲೆಕ್ಕ; ಎಡಗೈ ಎಸೆತ ಎಡಗೈ ಬ್ಯಾಟರ್‌ಗೆ ಸಾಮಾನ್ಯವಾಗಿ ಕಷ್ಟ. ಮೊದಲ ಎಸೆತವೇ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಮೂರೂ ಬೇಸ್ ತುಂಬಿದ್ದಾಗಿನ ಹೋಮ್ ರನ್. ಗೆಲ್ಲಲು ಎರಡು ರನ್ ಸಾಕಿತ್ತು, ಆದರೆ ಹೋಮ್ ರನ್ ಆದರೆ ನಾಲ್ಕೂ ಲೆಕ್ಕಕ್ಕೆ: 6-3. ವರ್ಲ್ಡ್ ಸೀರೀಸ್ ಚರಿತ್ರೆಯಲ್ಲಿ ಪಂದ್ಯ ಮುಗಿಸಿದ ಮೊದಲ ಗ್ರ್ಯಾಂಡ್ ಸ್ಲ್ಯಾಮ್ ಅದು.