ನೀಲಕಂಠದ ಗರಿ ಮತ್ತು ನೆನೆಸಿದ ಮಂಡಾಳ

ಕಾರಟಗಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ, ಗದ್ದೆ ಬದಿಯ ಕರೆಂಟು ತಂತಿಯ ಮೇಲೆ ಕೂತಿದ್ದ ಒಂದು ನೀಲಕಂಠದ ಎರಡು ಫೋಟೊ ನನ್ನ ಹತ್ತಿರ ಇವೆ. ಹಕ್ಕಿ ಅದೇ, ತಂತಿ ಅದೇ, ನಡುವೆ ಹತ್ತೇ ನಿಮಿಷ. ಮೊದಲನೆಯದು ತೆಗೆದಾಗ ಸೂರ್ಯ ಹಕ್ಕಿಯ ಹಿಂದಿದ್ದ. ಬಿಳಿಚಿದ ಆಕಾಶದ ಎದುರು ಒಂದು ಕಂದು ಮುದ್ದೆ, ಅಷ್ಟೇ. ಬದು ಹಿಡಿದು ಆಚೆ ಬದಿಗೆ ನಡೆದು, ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ಕಾದೆ. ಹಕ್ಕಿ ರೆಕ್ಕೆ ಬಿಚ್ಚಿ ಕೆಳಗಿಳಿಯುವಾಗ ಸಿಕ್ಕಿದ್ದು ಎರಡನೆಯ ಫೋಟೊ: ಕಡುನೀಲಿ, ತಿಳಿನೀಲಿ, ಮತ್ತೆ ಕಡುನೀಲಿ, ಪಟ್ಟೆಪಟ್ಟೆಯಾಗಿ. ಗದ್ದೆಯ ಯಜಮಾನರು ಕ್ಯಾಮೆರಾದ ಪರದೆ ನೋಡಿ ಕೇಳಿದರು: "ಈ ಕ್ಯಾಮೆರಾನ ಬಣ್ಣ ಹಚ್ಚತೈತೇನ್ರೀ ಸರ?"

ಪಟ್ಟಣದ ಗೆಳೆಯರು "ಎಡಿಟ್ ಮಾಡಿದ್ದಾ?" ಎಂದು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಅವರ ಮನಸ್ಸಿನಲ್ಲಿ ಹಕ್ಕಿಯ ಮೈಗೆ ಅಂಟಿದ 'ಒರಿಜಿನಲ್ ಕಲರ್' ಒಂದಿರುತ್ತದೆ, ಕ್ಯಾಮೆರಾ ಅದನ್ನು ಹಾಗೇ ಎತ್ತಿಕೊಂಡು ಬರಬೇಕು. ಯಜಮಾನರ ಪ್ರಶ್ನೆ ಅದಕ್ಕಿಂತ ಆಳವಾದದ್ದು. ಬಣ್ಣ ಹಚ್ಚುವವರು ಯಾರು? ನೀಲಕಂಠದ ಗರಿಯಲ್ಲಂತೂ ನೀಲಿ ಬಣ್ಣವೇ ಇಲ್ಲ. ಗರಿಯನ್ನು ಒರಳಿಗೆ ಹಾಕಿ ಕುಟ್ಟಿದರೆ ಸಿಗುವುದು ಕಂದು ಪುಡಿ. ಒಂದು ಚಿಟಿಕೆ ನೀಲಿಯೂ ಹೊರಬರುವುದಿಲ್ಲ. (ಹೆಸರು ನೀಲಕಂಠವಾದರೂ ಕಂಠ ನೀಲಿಯಲ್ಲ, ಮಾಸಲು ನೇರಳೆಗೆಂಪು. ನಮ್ಮ ರಾಜ್ಯಪಕ್ಷಿಯ ವೈಭವವೆಲ್ಲ ರೆಕ್ಕೆಯಲ್ಲಿ.)

ನೀಲಿ ಎಲ್ಲಿಂದ ಬಂತು ಎಂಬುದಕ್ಕೆ ನಮ್ಮ ಅಡುಗೆಮನೆಯಲ್ಲೇ ಉತ್ತರ ಇದೆ. ಒಣ ಮಂಡಾಳ, ಅಂದರೆ ಮಂಡಕ್ಕಿ, ಬೆಳ್ಳಗಿರುತ್ತದೆ. ಒಗ್ಗರಣೆ ಹಾಕಿ ಸುಸಲಾ ಮಾಡಲು ನೀರಿಗೆ ಹಾಕಿ ಹಿಂಡಿದ ಕೂಡಲೇ ಆ ಬಿಳುಪು ಇಳಿದು ಮಂಕಾಗುತ್ತದೆ. ಬಿಳಿ ಬಣ್ಣವೇನೂ ನೀರಿಗೆ ಬಿಡಲಿಲ್ಲವಲ್ಲ? ಮಂಡಾಳಿನೊಳಗೆ ಲೆಕ್ಕವಿಲ್ಲದಷ್ಟು ಗಾಳಿಗೂಡುಗಳಿವೆ. ಬೆಳಕು ಹಿಟ್ಟಿನಿಂದ ಗಾಳಿಗೆ, ಗಾಳಿಯಿಂದ ಹಿಟ್ಟಿಗೆ ದಾಟುವಾಗೆಲ್ಲ ಸ್ವಲ್ಪ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಗೂಡುಗಳು ದೊಡ್ಡವು, ಒಂದೊಂದು ಒಂದೊಂದು ಅಳತೆಯವು, ಹಾಗಾಗಿ ಎಲ್ಲ ಬಣ್ಣವೂ ಸಮನಾಗಿ ಚಿಮ್ಮಿ ಕಣ್ಣಿಗೆ ಬಿಳಿ ಕಾಣುತ್ತದೆ. ಗೂಡಿಗೆ ನೀರು ಹೊಕ್ಕರೆ ಚಿಮ್ಮುವುದು ಕಡಿಮೆಯಾಗುತ್ತದೆ.

ನೀಲಕಂಠದ ಗರಿಯ ದಂಟಿನಿಂದ ಕವಲೊಡೆದ ಒಂದೊಂದು ಎಳೆಯೂ ಇಂಥದೇ ಮಂಡಾಳು. ಹಿಟ್ಟಿನ ಬದಲು ಕೆರಾಟಿನ್, ಅಂದರೆ ನಮ್ಮ ಉಗುರಿನಲ್ಲಿರುವ ಜಾತಿಯದೇ ಪ್ರೋಟೀನು. ವ್ಯತ್ಯಾಸವೆಂದರೆ ಇಲ್ಲಿನ ಗಾಳಿಗೂಡುಗಳು ಹೆಚ್ಚುಕಡಿಮೆ ಒಂದೇ ಅಳತೆಯವು, ಒಂದರಿಂದ ಒಂದಕ್ಕೆ ಇರುವ ದೂರವೂ ಹೆಚ್ಚುಕಡಿಮೆ ಒಂದೇ. ಆ ದೂರ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಕೋಲಾಟ ನೆನಪಿಸಿಕೊಳ್ಳಿ. ಇಪ್ಪತ್ತು ಜನ ಮನಸ್ಸಿಗೆ ಬಂದಾಗ ಕೋಲು ಬಡಿದರೆ ಬರೀ ಗದ್ದಲ. ಎಲ್ಲರ ಕೋಲೂ ಒಂದೇ ಏಟಿಗೆ ಬಿದ್ದರೆ ಊರಾಚೆಗೂ ಕೇಳುತ್ತದೆ. ಗರಿಯೊಳಗಿನ ಗೂಡುಗೂಡಿನಿಂದ ಹಿಂದಿರುಗುವ ಅಲೆಗಳಲ್ಲಿ ನೀಲಿಯ ಅಲೆಗೆ ಮಾತ್ರ ಹೀಗೆ ತಾಳ ಕೂಡುತ್ತದೆ, ಯಾಕೆಂದರೆ ಆ ದೂರ ಅದರ ಹೆಜ್ಜೆಗೆ ಸರಿಯಾಗಿದೆ. ಕೆಂಪಿನ ಹೆಜ್ಜೆ ಉದ್ದ. ಅದು ತಾಳ ತಪ್ಪಿ ಒಳಕ್ಕೆ ಇಳಿಯುತ್ತದೆ, ಅಲ್ಲಿ ಮೆಲನಿನ್ ಎಂಬ ಕಪ್ಪು ಅದನ್ನು ನುಂಗಿಹಾಕುತ್ತದೆ. ಈ ಕಪ್ಪು ಹಿನ್ನೆಲೆ ಇಲ್ಲದಿದ್ದರೆ ನೀಲಿ ಹೀಗೆ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಸೀಮೆಸುಣ್ಣದ ಗೆರೆ ಕರಿಹಲಗೆಯ ಮೇಲೆ ಎದ್ದು ಕಂಡಂತೆ ಇದು. ಗೂಡುಗಳಿಗೆ ತಕ್ಕ ದ್ರವ ತುಂಬಿದರೆ ಗರಿಯ ನೀಲಿಯೂ ಮಂಡಾಳಿನ ಬಿಳುಪಿನ ಹಾಗೆ ಹೊರಟುಹೋಗುತ್ತದೆ.

ಇದನ್ನು ಹುಡುಕಿದ ಕಥೆಯಲ್ಲಿ ನಮ್ಮ ಹಕ್ಕಿಗೆ ಗೌರವದ ಜಾಗವಿದೆ. ಆಕಾಶ ನೀಲಿಯಾಗಿರುವ ಕಾರಣವೇ ಗರಿಗೂ ಸಾಕೆಂದು ಹಿಂದಿನವರು ನಂಬಿದ್ದರು: ಕಣಗಳು ತಮ್ಮಷ್ಟಕ್ಕೆ ತಾವು ಬೆಳಕು ಚದುರಿಸುತ್ತವೆ, ತಾಳಮೇಳದ ಮಾತಿಲ್ಲ. 1933ರಲ್ಲಿ ಬೆಂಗಳೂರಿಗೆ ಬಂದ ಸಿ. ವಿ. ರಾಮನ್, ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಹಕ್ಕಿಗಳ ಗರಿಯ ಬಣ್ಣದ ಬಗ್ಗೆ ಬರೆದರು. ಅವರು ಪರೀಕ್ಷೆಗೆ ಎತ್ತಿಕೊಂಡದ್ದು ನೀಲಕಂಠದ ಗರಿಯನ್ನು. ಬರೀ ಚದುರುವಿಕೆಯಿಂದ ಈ ನೀಲಿ ಬರದು ಎಂದು ಅವರು ವಾದಿಸಿದರು. ಅಲೆಗಳು ಕೂಡಿಯೇ ನೀಲಿ ಹುಟ್ಟುತ್ತದೆಂದು 1998ರಲ್ಲಿ ಪಕ್ಷಿವಿಜ್ಞಾನಿ ರಿಚರ್ಡ್ ಪ್ರಮ್ ಮತ್ತು ಸಂಗಡಿಗರು ದಕ್ಷಿಣ ಅಮೆರಿಕದ ಇನ್ನೊಂದು ನೀಲಿ ಹಕ್ಕಿಯ ಗರಿಯಲ್ಲಿ ತೋರಿಸಿಕೊಟ್ಟರು. ಅರವತ್ತು ವರ್ಷ ಮೊದಲೇ ರಾಮನ್ನರ ಕಣ್ಣಿಗೆ ಅನುಮಾನ ಬಿದ್ದಿತ್ತಲ್ಲ ಎಂದು ನೆನೆದಾಗಲೆಲ್ಲ ನನಗೆ ರೋಮಾಂಚನ.

ಕುಟ್ಟಿದರೆ ಬಣ್ಣ ಹೋಗುವ ಗರಿಗೆ ನೇರ ಎದುರಾಗಿರುವುದು ಸಂಡೂರಿನ ಕಲ್ಲು. ಅಲ್ಲಿನ ರಸ್ತೆಯ ಧೂಳು, ಎಲೆ, ಲಾರಿಯ ಟಾರ್ಪಾಲು ಎಲ್ಲ ಕೆಂಪು. ಆದರೆ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಒಂದು ಗಟ್ಟಿ ತುಂಡು ಕೈಗೆ ತೆಗೆದುಕೊಂಡು ನೋಡಿ, ಉಕ್ಕಿನಂತೆ ಬೂದುಗಪ್ಪು. ಅದನ್ನೇ ಹೊಳಪಿಲ್ಲದ ಬಿಳಿ ಟೈಲ್ಸಿನ ಹಿಂಬದಿಗೆ ಉಜ್ಜಿದರೆ ರಕ್ತಗೆಂಪು ಗೆರೆ ಮೂಡುತ್ತದೆ. ದಪ್ಪ ತುಂಡಿನೊಳಗೆ ಹೊಕ್ಕ ಬೆಳಕು ಅಲ್ಲೇ ಮುಳುಗುತ್ತದೆ, ಮೇಲ್ಮೈಯ ಹೊಳಪಷ್ಟೇ ನಮಗೆ ದಕ್ಕುತ್ತದೆ. ಸಣ್ಣ ಕಣವಾದರೆ ಬೆಳಕು ತೂರಿ ಹಾಯ್ದು ಕೆಂಪಾಗಿ ಹೊರಬರುತ್ತದೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಶಿಲಾಸಮಾಧಿ ಕಾಲದ ಜನ ಇಂಥ ಕೆಂಪು ಮಣ್ಣಿನಿಂದಲೇ ಮನುಷ್ಯರನ್ನೂ ಪ್ರಾಣಿಗಳನ್ನೂ ಬರೆದರು. ಎರಡು ಸಾವಿರ ವರ್ಷ ದಾಟಿದರೂ ಅದು ಮಾಸಿ ಹೋಗಿಲ್ಲ. ತುಕ್ಕಿನ ಜಾತಿಯ ಈ ಬಣ್ಣಕ್ಕೆ ಬಿಸಿಲಿನ ಭಯವಿಲ್ಲ.

ಇನ್ನು ಕ್ಯಾಮೆರಾ. ಯಜಮಾನರು ಹೇಳಿದ್ದು ನಿಜವೇ, ಅದು ಬಣ್ಣ ಹಚ್ಚುತ್ತದೆ. ಬೆಳಕು ಹಿಡಿಯುವ ಸೆನ್ಸರಿನ ಒಂದೊಂದು ಚುಕ್ಕೆಯ ಮೇಲೂ ಒಂದೇ ಬಣ್ಣದ ಗಾಜು ಕೂರಿಸಿರುತ್ತಾರೆ. ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದು. ಉಳಿದೆರಡು ಬಣ್ಣವನ್ನು ಪ್ರತಿ ಚುಕ್ಕೆಯೂ ನೆರೆಯವರನ್ನು ಕೇಳಿ ಅಂದಾಜು ಮಾಡುತ್ತದೆ. ಕಲರ್ ಫೋಟೊದ ಹುಟ್ಟೇ ಹಾಗೆ. 1861ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಲಾಂದ್ರದಿಂದ ಕೂಡಿಸಿ ತೋರಿಸಿದ ಪಟ್ಟೆ ರಿಬ್ಬನ್ನಿನ ಚಿತ್ರದಲ್ಲಿ, ಅಂದಿನ ಗಾಜಿನ ಫಲಕಕ್ಕೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಬಟ್ಟೆ ಚೆಲ್ಲುತ್ತಿದ್ದ, ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಅಲ್ಲಿ ಕೆಂಪಿನ ಕೆಲಸ ಮಾಡಿತ್ತೆಂದು ಗೊತ್ತಾಗಲು ನೂರು ವರ್ಷ ಹಿಡಿಯಿತು.

ಇವತ್ತಿಗೂ ಕೆಂಪೇ ಕಾಟ ಕೊಡುವುದು. ಸಿರುಗುಪ್ಪದ ಕಡೆ ಒಣಹಾಕಿದ ಮೆಣಸಿನಕಾಯಿಯ ಕಣದ ಫೋಟೊ ತೆಗೆಯಿರಿ. ಸೆನ್ಸರಿನ ಕೆಂಪು ಚುಕ್ಕೆಗಳ ಕೊಡ ಬೆಳಕಿನಿಂದ ತುಂಬಿ ತುಳುಕುತ್ತದೆ, ಕಾಯಿಕಾಯಿಯ ಸುಕ್ಕು ಮಾಯವಾಗಿ ಕೆಂಪು ಜಮಖಾನ ಹಾಸಿದಂತಾಗುತ್ತದೆ. ಎಕ್ಸ್‌ಪೋಷರ್, ಅಂದರೆ ಒಳಕ್ಕೆ ಬಿಡುವ ಬೆಳಕು, ಒಂದು ಹೆಜ್ಜೆ ಇಳಿಸಿ. ಪರದೆಯ ಮೇಲೆ ಸ್ವಲ್ಪ ಕತ್ತಲೆನಿಸಿದರೂ ಸುಕ್ಕು ಉಳಿಯುತ್ತದೆ.

ರಾಯಚೂರಿನ ಗಡಿ ದಾಟಿದರೆ ತೆಲಂಗಾಣ. ಅಲ್ಲಿ ಇದೇ ಹಕ್ಕಿ ಪಾಲಪಿಟ್ಟ, ವಿಜಯದಶಮಿಯಂದು ಕಂಡರೆ ಶುಭ. ನೋಡಿ ಕೈಮುಗಿಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ನೋಟವನ್ನು ಮಾರಲು ಹಕ್ಕಿಯನ್ನು ಹಿಡಿದು, ರೆಕ್ಕೆ ಕಟ್ಟಿ, ಪಂಜರದಲ್ಲಿ ಹೊತ್ತು ತಿರುಗುವವರಿದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ರೆಕ್ಕೆ ಕಟ್ಟಿದ ನೀಲಕಂಠದಲ್ಲಿ ಬಹುಪಾಲು ಕಾಣುವುದು ಕಂದು. ದುಡ್ಡು ಕೊಟ್ಟು ನೋಡಿದವರಿಗೆ ಆ ನೀಲಿ ಪಟ್ಟೆಗಳು ಸಿಗುವುದೇ ಇಲ್ಲ, ಹಕ್ಕಿಗೆ ಮಾತ್ರ ಮತ್ತೆ ಹಾರುವ ಶಕ್ತಿ ಉಳಿದಿರುತ್ತದೆಂಬ ಭರವಸೆಯಿಲ್ಲ. ಇದು ನನ್ನ ಹೊಟ್ಟೆ ಉರಿಸುತ್ತದೆ. ಅದೇ ದಿನ ಬೆಳಿಗ್ಗೆ ಏಳರಿಂದ ಎಂಟೂವರೆ ಒಳಗೆ ಯಾವುದಾದರೂ ಕಾಲುವೆ ದಂಡೆಗೆ ಹೋಗಿ, ಸೂರ್ಯನಿಗೆ ಬೆನ್ನು ಮಾಡಿ, ಶಟರ್ ವೇಗ ಸೆಕೆಂಡಿನ ಎರಡು ಸಾವಿರದಲ್ಲಿ ಒಂದಕ್ಕೆ ಇಟ್ಟು ಕಾಯಿರಿ. ಹಾರುವ ಮುನ್ನ ಹಕ್ಕಿ ಮೈ ಮುಂದಕ್ಕೆ ಬಾಗಿಸುತ್ತದೆ. ಬೆರಳು ಒತ್ತಬೇಕಾದದ್ದು ಆಗಲೇ.

ಆ ಬೆಳಿಗ್ಗೆ ಕರೆಂಟು ಕಂಬದ ಬುಡದಲ್ಲಿ ಉದುರಿದ ಗರಿಯೊಂದು ಸಿಕ್ಕಿತು. ಯಜಮಾನರ ಕೈಗೆ ಕೊಟ್ಟು, "ಸೂರ್ಯನ ಕಡೆ ಎತ್ತಿ ಹಿಡೀರಿ" ಅಂದೆ. ಎತ್ತಿದರು. ಬೆಳಕು ಗರಿಯನ್ನು ದಾಟಿ ಬಂತು. "ಹೋತಲ್ರೀ!" ಅಂದರು. ಬರೀ ಕಂದು. ತಿರುಗಿ ನಿಂತು, ಬಿಸಿಲು ಗರಿಯ ಮೇಲೆ ಬೀಳುವಂತೆ ಹಿಡಿದರು. "ಬಂತು." ಮತ್ತೆ ಸೂರ್ಯನ ಕಡೆ ತಿರುಗಿದರು. ಗರಿಯನ್ನು ಕಂಬದ ಬುಡದಲ್ಲೇ ಇಟ್ಟು ಬರುವ ಮೊದಲು ಹೀಗೆ ಎಷ್ಟು ಸಲ ತಿರುಗಿದರೋ, ನಾನು ಎಣಿಸಲಿಲ್ಲ.